ಬಿಳಿ ಗೆರೆಯ ಮೇಲೊಂದು ಹಿಮ್ಮಡಿ

ಹೊರಡುವ ದಿನ

ಅಮೆರಿಕಕ್ಕೆ ಹೋಗಿ ಬಂದ ಮೇಲೆ ಮಧುಗಿರಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: "ಅಲ್ಲಿ ಏನೇನ್ ನೋಡ್ಕೊಂಡ್ ಬಂದ್ರಿ ಮೇಡಂ?" ದೊಡ್ಡ ಕಟ್ಟಡ, ಜಲಪಾತ, ಸಮುದ್ರ, ಇಂಥದ್ದೇನಾದರೂ ಹೇಳಲಿ ಎಂದು ಅವರ ಆಸೆ. ನಾನು ನೋಡಿದ್ದು ಒಬ್ಬ ಹುಡುಗನ ಹಿಮ್ಮಡಿಯನ್ನು. ಒಂದು ವಾರ ಪೂರ್ತಿ, ಬೇರೆ ಬೇರೆಯವರ ಫೋನಿನಲ್ಲಿ, ಅದೊಂದನ್ನೇ. ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ರತ್ನಮ್ಮ. ಮಧುಗಿರಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತೇನೆ. ಊರಿನವರ ಬಾಯಲ್ಲಿ ಪಿ.ಟಿ. ಮೇಡಂ. ಅದರ ಜೊತೆಗೆ ಕಬಡ್ಡಿ ರೆಫರಿ. ಶಿರಾ, ಕೊರಟಗೆರೆ, ಪಾವಗಡ, ಈ ಸೀಮೆಯಲ್ಲಿ ಕಾಲೇಜು ಹುಡುಗಿಯರ ಕಬಡ್ಡಿ ಎಲ್ಲಿ ನಡೆದರೂ ಸೀಟಿ ನನ್ನ ಕೊರಳಲ್ಲಿರುತ್ತದೆ, ಬೈಗುಳ ನನ್ನ ಬೆನ್ನ ಮೇಲಿರುತ್ತದೆ. ಒಮ್ಮೆ ಕೊರಟಗೆರೆಯಲ್ಲಿ ಪಂದ್ಯ ಮುಗಿಸಿ ಬಸ್ಸು ಹತ್ತಿದರೆ ಸೋತ ತಂಡದವರೆಲ್ಲ ಅದೇ ಬಸ್ಸಿನಲ್ಲಿದ್ದರು. ಒಬ್ಬಳೂ ಜರುಗಿ ಜಾಗ ಕೊಡಲಿಲ್ಲ. ಮಧುಗಿರಿಯವರೆಗೂ ಕಂಬಿ ಹಿಡಿದುಕೊಂಡೇ ಬಂದೆ. ಇಂಥದ್ದಕ್ಕೆಲ್ಲ ಮೊದಮೊದಲು ನಗು ಬರುತ್ತಿತ್ತು, ಈಗ ಸುಸ್ತು ಬರುತ್ತದೆ. ಈ ವರ್ಷ ಶಿರಾದ ಫೈನಲ್ಲಿನಲ್ಲಿ ಸೋತವರು ಬೈದರು, ಅದು ಮಾಮೂಲು. ಗೆದ್ದವರೂ ಬಂದು "ಇನ್ನೂ ಎರಡು ಪಾಯಿಂಟ್ ಕೊಡ್ಬೇಕಿತ್ತು ನೀವು" ಎಂದು ಬೈದು ಹೋದರು.

ಎರಡು ದೇಶಗಳ ಆಟದ ಶಿಕ್ಷಕರನ್ನು ಕೆಲವು ದಿನ ಅದಲು ಬದಲು ಮಾಡುವ ಯೋಜನೆಯೊಂದಕ್ಕೆ ನನ್ನ ಹೆಸರು ಬಂದಾಗ ನಾನು ಒಪ್ಪಿಕೊಂಡದ್ದು ದೇಶ ನೋಡುವ ಆಸೆಯಿಂದಲ್ಲ. "ಅದು ಔಟಾ ಮೇಡಂ?" ಎಂದು ಯಾರೂ ಕೇಳದ ಜಾಗದಲ್ಲಿ ನಾಲ್ಕು ದಿನ ಇರಬೇಕಿತ್ತು, ಅಷ್ಟೇ. ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ನನ್ನ ಯಜಮಾನರೂ ಅದನ್ನೇ ಹೇಳಿದರು. "ಸೀಟಿ ಗೀಟಿ ಅಂತ ತಲೆ ಕೆಡಿಸ್ಕೊಬ್ಯಾಡ. ಚೆನ್ನಾಗಿ ನಿದ್ದೆ ಮಾಡ್ಕೊಂಡ್ ಬಾ." ಹಾಗೇ ಆಗಲಿ ಎಂದೆ.

ಇಳಿದ ಜಾಗ

ಜೊತೆಗೆ ಬಂದವಳು ಪಾವಗಡದ ಓಬುಳಮ್ಮ. ಅವಳೂ ಆಟದ ಮೇಡಮ್ಮೇ, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಅವಳ ಊರು ರಾಯಚರ್ಲು. ಅರ್ಧ ತೆಲುಗು, ಅರ್ಧ ಕನ್ನಡ. ಯಾವುದಕ್ಕೂ ಹೆದರದ ಹೆಂಗಸು.

ವಿಮಾನದ ವಿಷಯ ಬರೆಯುವುದಿಲ್ಲ. ಪಾವಗಡದ ಬಸ್ಸಿನ ಕೊನೆಯ ಸೀಟಿನಲ್ಲಿ ಬೆಂಗಳೂರಿಗೆ ಹೋದವರು ಯಾರೂ ವಿಮಾನಕ್ಕೆ ಬೆರಗಾಗುವುದಿಲ್ಲ. ಕುಲುಕಾಟ ಕಡಿಮೆ, ಕಾಲುನೋವು ಜಾಸ್ತಿ. ಇಳಿದ ಕಡೆ ಒಬ್ಬ ಅಧಿಕಾರಿ ಓಬುಳಮ್ಮನ ಚೀಲ ತೆರೆಸಿ, ರಾಗಿಹಿಟ್ಟಿನ ಪೊಟ್ಟಣ ಎತ್ತಿ ಹಿಡಿದು ಇದೇನು ಎಂದು ಕೇಳಿದ. ಅವಳಿಗೆ ಆ ಹೊತ್ತಿನಲ್ಲಿ ಒಂದು ಇಂಗ್ಲಿಷ್ ಪದವೂ ಬಾಯಿಗೆ ಬರಲಿಲ್ಲ. ಮುದ್ದೆ ಕಟ್ಟುವಂತೆ ಕೈ ತಿರುಗಿಸಿ, ನುಂಗುವಂತೆ ಕತ್ತು ಆಡಿಸಿ ತೋರಿಸಿದಳು. ಅವನು ಪೊಟ್ಟಣ ಮೂಗಿನ ಹತ್ತಿರ ತಂದ, ಸೀನಿದ, ಹೋಗಿ ಎಂದ.

"ಪಾಪಮು, ಮುದ್ದೆ ಕಂಡಿಲ್ಲ ಅಕ್ಕಾ ಆಯಪ್ಪ," ಎಂದಳು ಓಬುಳಮ್ಮ.

ಅಲ್ಲಿಂದ ವ್ಯಾನಿನಲ್ಲಿ ಬಹಳ ಹೊತ್ತು. ದಕ್ಷಿಣದ ಕಡೆಯ ಒಂದು ಸಣ್ಣ ಊರು, ಊರಿಗಿಂತ ದೊಡ್ಡದಾದ ಒಂದು ಕಾಲೇಜು. ದಾರಿಯಲ್ಲಿ ಕೆಂಪು ಮಣ್ಣು ಕಂಡಾಗ ಸ್ವಲ್ಪ ಸಮಾಧಾನವಾಯಿತು. ಆದರೆ ಎಷ್ಟು ದೂರ ಹೋದರೂ ಒಂದು ಗುಡ್ಡವಿಲ್ಲ, ಬಂಡೆಯಿಲ್ಲ. ಮಿಡಿಗೇಶಿಯ ಬೆಟ್ಟದ ಬುಡದಲ್ಲಿ ಹುಟ್ಟಿದವಳಿಗೆ ಕಣ್ಣು ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ.

ಮಾರ್ಥಮ್ಮನ ಮನೆ

ನಮ್ಮನ್ನು ಇಳಿಸಿಕೊಂಡ ಮನೆಯಾಕೆ ಮಾರ್ಥಾ. ನಾವು ಮೊದಲ ದಿನವೇ ಮಾರ್ಥಮ್ಮ ಮಾಡಿಕೊಂಡೆವು. ಶಾಲೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು, ಎಪ್ಪತ್ತರ ಹತ್ತಿರ, ಎತ್ತರದ ಆಳು. ಬಲಗಾಲು ಎಳೆದುಕೊಂಡು ನಡೆಯುತ್ತಾಳೆ. ಮನೆಯ ಮುಂದೆ ಕಾಲೇಜು ತಂಡದ ಬಾವುಟ, ಒಳಗೆ ಅದೇ ಬಣ್ಣದ ಕರ್ಟನ್ನು, ಅದೇ ಬಣ್ಣದ ತಟ್ಟೆ, ಮಂಚದ ಮೇಲೆ ಅದೇ ಬಣ್ಣದ ಹೊದಿಕೆ. ಕ್ರಿಕೆಟ್ಟಿನ ಹುಚ್ಚು ನಾನು ನೋಡಿದ್ದೇನೆ, ಆದರೆ ಯಾರೂ ಬಚ್ಚಲಿನ ಬಕೆಟ್ಟಿಗೆ ತಂಡದ ಚಿತ್ರ ಅಂಟಿಸಿದ್ದು ನೋಡಿರಲಿಲ್ಲ.

ಅವಳ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ. ಅರ್ಧ ಮಾತು ನುಂಗಿ ಉಳಿದರ್ಧ ಎಳೆದು ಆಡುವ ಹಳ್ಳಿಯ ಇಂಗ್ಲಿಷು. ಮೊದಲ ದಿನ ಏನೂ ತಿಳಿಯಲಿಲ್ಲ. ಎರಡನೆಯ ದಿನದಿಂದ ಅದು ಮಿಡಿಗೇಶಿಯ ನನ್ನ ದೊಡ್ಡಮ್ಮ ಮಾತಾಡಿದ ಹಾಗೇ ಕೇಳತೊಡಗಿತು. ಹಾಗಾಗಿ ಅಲ್ಲಿಯವರ ಮಾತನ್ನು ನಮ್ಮ ಸೀಮೆಯ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಬಿದ್ದದ್ದು ಹಾಗೆಯೇ.

ನಾನು ರೆಫರಿ ಎಂದು ಗೊತ್ತಾದದ್ದೇ ತಡ, ಮಾರ್ಥಮ್ಮ ಫೋನು ತಂದು ನನ್ನ ಮೂಗಿಗೆ ಹಿಡಿದಳು. "ಬಾ ಇಲ್ಲಿ. ಇದ್ ನೋಡ್ಬುಟ್ಟು ಹೇಳು. ಈ ಹುಡ್ಗ ಔಟಾ, ಅಲ್ವಾ?"

ಅವರ ಫುಟ್‌ಬಾಲು ನಮ್ಮ ಫುಟ್‌ಬಾಲಲ್ಲ. ಕೈಯಲ್ಲಿ ಎಸೆಯುತ್ತಾರೆ, ಎದೆಗೆ ಅವುಚಿಕೊಂಡು ಓಡುತ್ತಾರೆ, ಮೇಲೆ ಬಿದ್ದು ಕೆಡವುತ್ತಾರೆ. ಫೋನಿನಲ್ಲಿ ಒಬ್ಬ ಹುಡುಗ ಮೈದಾನದ ಅಂಚಿನಲ್ಲಿ ಹಾರಿ ಚೆಂಡು ಹಿಡಿದು ಒಂಟಿಗಾಲಿನಲ್ಲಿ ಇಳಿಯುತ್ತಿದ್ದ. ಬಿಳಿ ಶೂ, ಪಕ್ಕದಲ್ಲೇ ಬಿಳಿ ಗೆರೆ. ಅವಳು ಅದನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿದಳು. ನಾನು ಎರಡು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಎಷ್ಟನೆಯ ಸಲಕ್ಕೋ ಕೂತಲ್ಲೇ ಕಣ್ಣು ಮುಚ್ಚಿಹೋಯಿತು. ಎದ್ದಾಗ ತಂಡದ ಬಣ್ಣದ ಹೊದಿಕೆ ನನ್ನ ಮೇಲಿತ್ತು.

ಮಂಗಳವಾರ, ಪಟ್ಟಿ ಬರುವ ಸಂಜೆ

ವಿಷಯ ಪೂರ್ತಿ ತಿಳಿದದ್ದು ಮಂಗಳವಾರ. ಆ ಸಂಜೆ ಟಿವಿಯಲ್ಲಿ ಪಟ್ಟಿ ಬರುತ್ತದೆ, ಕಾಲೇಜು ತಂಡಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು. ಪಾಯಿಂಟಿನ ಲೆಕ್ಕವಾ ಎಂದು ಕೇಳಿದೆ. ಅಲ್ಲವಂತೆ. ಒಂದು ಕೋಣೆಯಲ್ಲಿ ಕೆಲವು ಹಿರಿಯರು ಕೂತು, ಯೋಚಿಸಿ, ಯಾರು ಮೇಲು ಎಂದು ತೀರ್ಮಾನಿಸುತ್ತಾರಂತೆ. ಒಂದು ಪಂದ್ಯ ಸೋತ ತಂಡ ಸೋಲದ ತಂಡಕ್ಕಿಂತ ಮೇಲಿರಬಹುದು, ಅದು ಗಟ್ಟಿ ಎದುರಾಳಿಗೆ ಚೆನ್ನಾಗಿ ಸೋತಿದ್ದರೆ. ನಮ್ಮಲ್ಲಿ ಹೀಗೆ ಬಹುಮಾನ ಕೊಡುವುದು ರಂಗೋಲಿ ಸ್ಪರ್ಧೆಗೆ ಮಾತ್ರ, ಅಲ್ಲಿಯೂ ಆಮೇಲೆ ಜಗಳ ತಪ್ಪಿದ್ದಲ್ಲ.

ಮಾರ್ಥಮ್ಮನ ಕಾಲೇಜು ಐದನೆಯದಾಗಿತ್ತು. ಮೊದಲ ನಾಲ್ಕರಲ್ಲಿದ್ದವರು ಮುಂದಿನ ದೊಡ್ಡ ಪಂದ್ಯಾವಳಿಯಲ್ಲಿ ಒಂದು ಸುತ್ತು ಆಡದೆಯೇ ಮುಂದಕ್ಕೆ ಹೋಗಬಹುದು. ಹಿಂದಿನ ಶನಿವಾರ ಬೇರೆ ಊರಿನಲ್ಲಿ ನಾಲ್ಕನೆಯ ತಂಡ ಸೋಲುವುದರಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಅದರ ಎದುರಾಳಿ ಹುಡುಗ ಹಿಡಿದ ಚೆಂಡೇ ಈ ಫೋನಿನ ಚೆಂಡು. ಹುಡುಗ ಒಳಗಿದ್ದಿದ್ದರೆ ನಾಲ್ಕನೆಯ ತಂಡ ಸೋತು, ಇವರ ಕಾಲೇಜು ಮೇಲೇರುತ್ತಿತ್ತು. ಅಂಚಿನಲ್ಲಿ ನಿಂತಿದ್ದ ತೀರ್ಪುಗಾರ ಔಟು ಎಂದು ಕೈ ಆಡಿಸಿದ. ಮೇಲೆ ಕೂತವರು ವಿಡಿಯೊ ನೋಡಿ, ನಮಗೆ ಸ್ಪಷ್ಟವಾಗಿಲ್ಲ, ಮೊದಲು ಹೇಳಿದ್ದೇ ನಿಲ್ಲಲಿ ಎಂದರು. ನಾಲ್ಕನೆಯ ತಂಡ ಗೆದ್ದಿತು. ಮಾರ್ಥಮ್ಮನ ಕಾಲೇಜು ಐದರಲ್ಲೇ ಉಳಿಯಿತು.

"ಆ ತೀರ್ಪುಗಾರ ಯಾರು ಗೊತ್ತಾ?" ಎಂದಳು ಮಾರ್ಥಮ್ಮ. "ನನ್ನ ತಮ್ಮ. ರಾಯ್. ಒಡಹುಟ್ಟಿದೋನು."

ರಾಯ್ ಅದೇ ಊರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಶನಿವಾರ ಮಾತ್ರ ಪಟ್ಟೆ ಅಂಗಿ ಹಾಕಿಕೊಂಡು ಬೇರೆ ಊರಿನ ಪಂದ್ಯಗಳಿಗೆ ತೀರ್ಪುಗಾರನಾಗಿ ಹೋಗುತ್ತಾನೆ. ಪ್ರತಿ ಭಾನುವಾರ ಊಟಕ್ಕೆ ಅಕ್ಕನ ಮನೆಗೆ ಬರುತ್ತಿದ್ದವನು ಆ ಶನಿವಾರದಿಂದ ಬಂದಿಲ್ಲ. ಇವಳೂ ಕರೆದಿಲ್ಲ.

ಅಷ್ಟೇ ಆಗಿದ್ದರೆ ನಾನು ಹೊದ್ದುಕೊಂಡು ಮಲಗುತ್ತಿದ್ದೆ. ಆದರೆ ಮುಂದಿನ ಸೋಮವಾರ ಮಾರ್ಥಮ್ಮನ ಮಂಡಿಗೆ ಆಪರೇಷನ್ ಇತ್ತು. ನಾವು ಹೊರಡುವ ದಿನವೇ. ಆಸ್ಪತ್ರೆ ದೂರದ ಪಟ್ಟಣದಲ್ಲಿ. ತಮ್ಮನೇ ಕರೆದುಕೊಂಡು ಹೋಗಬೇಕಿತ್ತು.

"ಈಗ ಯಾರು ಕರ್ಕೊಂಡ್ ಹೋಗ್ತಾರೆ?" ಎಂದೆ.

"ಟ್ಯಾಕ್ಸಿ ಇಲ್ವಾ," ಎಂದಳು. ಟಿವಿಯ ಸದ್ದು ತಗ್ಗಿಸಿದಳು. "ನಮ್ಮವ್ವನೂ ಇಂಗೇ ಸಣ್ಣ ಆಪರೇಷನ್ ಅಂತ ಹೋದೋಳು ಕಣಮ್ಮ. ಮೇಜಿನ್ ಮೇಲಿಂದ ಏಳ್ಲೇ ಇಲ್ಲ. ನಾನೂ ಅವ್ನೂ ಹೊರ್ಗಡೆ ಬೆಂಚ್ ಮೇಲೆ ಕುಂತಿದ್ವಿ." ಆಮೇಲೆ ಮತ್ತೆ ಸದ್ದು ಏರಿಸಿದಳು.

ನನಗೆ ಆ ಹೆಂಗಸಿನ ಮೇಲೆ ಕನಿಕರವೂ ಸಿಟ್ಟೂ ಒಟ್ಟಿಗೆ ಬಂದವು. ಜೀವಕ್ಕೆ ಹೆದರಿ ಕೂತವಳು ಆಟದ ಮಾತಿಗೆ ತಮ್ಮನನ್ನು ಬಿಟ್ಟು ಟ್ಯಾಕ್ಸಿ ಹತ್ತಲು ಹೊರಟಿದ್ದಳು.

ಇನ್ನೊಂದು ತೊಂದರೆ ನನ್ನೊಳಗೇ ಇತ್ತು. ನಿದ್ದೆಯ ಮಂಪರಿನಲ್ಲೂ ನನಗೆ ಆ ಹಿಮ್ಮಡಿ ಸರಿಯಾಗಿಯೇ ಕಂಡಿತ್ತು. ನನ್ನ ಲೆಕ್ಕದಲ್ಲಿ ಹುಡುಗ ಒಳಗಿದ್ದ, ರಾಯ್ ತಪ್ಪು ಮಾಡಿದ್ದ. ಆದರೆ ಅದನ್ನು ಹೇಳಲಾರೆ. ಮೈದಾನದ ನಡುವೆ ಒಬ್ಬಂಟಿಯಾಗಿ ಬೈಸಿಕೊಂಡವರಿಗೆ ಗೊತ್ತು, ಇನ್ನೊಬ್ಬ ರೆಫರಿಯ ಮೇಲೆ ಕಲ್ಲು ಹಾಕಲು ಕೈ ಏಳುವುದಿಲ್ಲ. ಯಾರು ಕೇಳಿದರೂ "ನಮ್ಮ ಆಟ ಬೇರೆ, ನಂಗೆ ಗೊತ್ತಾಗಲ್ಲ" ಎಂದು ಜಾರಿಕೊಂಡೆ. ಅವರೂ ಬಿಡಲಿಲ್ಲ. ಬೆಳಿಗ್ಗೆ ಕಾಫಿಗೆ ಹೋದರೆ ಅಲ್ಲಿ ಫೋನು, ಮಧ್ಯಾಹ್ನ ಕಾಲೇಜಿನ ಊಟದ ಮನೆಯಲ್ಲಿ ಫೋನು, ಸಂಜೆ ಪಕ್ಕದ ಮನೆಯ ಗಡ್ಡದ ಮನುಷ್ಯ ಬೇಲಿಯ ಮೇಲಿಂದ ಕೈ ಚಾಚಿ ಫೋನು. ಮಧುಗಿರಿಯಿಂದ ಓಡಿ ಬಂದದ್ದು ಇದಕ್ಕಾ ಅನ್ನಿಸಿತು.

ಬುಧವಾರ, ಹುಲ್ಲಿನ ಮೇಲೆ ಕಬಡ್ಡಿ

ಬುಧವಾರ ಕಾಲೇಜಿನ ಹುಡುಗಿಯರಿಗೆ ಕಬಡ್ಡಿ ಕಲಿಸಿದೆವು. ಒಳ್ಳೆಯ ಮೈಕಟ್ಟಿನ ಹುಡುಗಿಯರು, ಆದರೆ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎನ್ನಲು ನಾಚಿಕೊಂಡರು. ಓಬುಳಮ್ಮ ನಾಚಿಕೆ ಬಿಡಿಸಿದಳು. ಅವಳು ತೊಡೆ ತಟ್ಟಿದ ಸದ್ದಿಗೆ ದೂರದಲ್ಲಿ ಓಡುತ್ತಿದ್ದ ಒಬ್ಬ ನಿಂತು ನೋಡಿದ.

ಅಂಗಳದ ಗೆರೆ ವಿವರಿಸುವಾಗ ಮಾತ್ರ ಒಂದು ವಿಚಿತ್ರ ನಡೆಯಿತು. ಸುತ್ತಿನ ಗೆರೆ ಅಂಗಳದ್ದೇ, ಗೆರೆ ತುಳಿದರೆ ಔಟಲ್ಲ, ಗೆರೆ ದಾಟಿ ನೆಲ ಮುಟ್ಟಿದರೆ ಔಟು ಎಂದೆ. ನಮ್ಮೂರಿನಲ್ಲಿ ಇದು ಮೂರನೆಯ ಕ್ಲಾಸಿನ ಮಗುವಿಗೂ ಗೊತ್ತು. ಈ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಗೆರೆ ತುಳಿದ್ರೂ ಒಳಗೇನಾ?" ಎಂದು ಒಬ್ಬಳಾದ ಮೇಲೆ ಒಬ್ಬಳು ಕೇಳಿದರು. ಹೌದು ಹೌದು ಎಂದು ಹೇಳಿ ಹೇಳಿ ಸಾಕಾಯಿತು. ಕಾಲೇಜಿಗೆ ಬಂದ ಮಕ್ಕಳು ಇಷ್ಟು ದಡ್ಡರಾ ಅಂದುಕೊಂಡೆ.

ಗುರುವಾರ, ನಡೆದು ಹೋದದ್ದು

ಗುರುವಾರ ಓಬುಳಮ್ಮನ ಸೂಟ್‌ಕೇಸಿನ ಹಿಡಿ ಕಿತ್ತುಬಂತು. ಒಂದು ಸ್ಕ್ರೂ ಸಿಕ್ಕರೆ ಸಾಕಿತ್ತು. ಮಾರ್ಥಮ್ಮ ಮಲಗಿದ್ದಳು, ನಾವು ಖಾಲಿ ಸೂಟ್‌ಕೇಸು ಹೊತ್ತುಕೊಂಡು ನಡೆದೇ ಹೊರಟೆವು. ಆ ಊರಿನಲ್ಲಿ ನಡೆಯುವುದು ಎಂಥ ಅಪರಾಧ ಎಂದು ಆಗ ಗೊತ್ತಾಯಿತು. ರಸ್ತೆಯ ಪಕ್ಕದಲ್ಲಿ ಕಾಲು ಹಾಕಲು ಜಾಗವಿಲ್ಲ. ಒಂದರ ಹಿಂದೆ ಒಂದು ಕಾರು ನಿಂತು, ಏನಾಯಿತು, ಗಾಡಿ ಕೆಟ್ಟಿತಾ, ಯಾರಿಗಾದರೂ ಹುಷಾರಿಲ್ಲವಾ ಎಂದು ಕೇಳಿದವು. ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ಯಾರೂ ನಂಬಲಿಲ್ಲ. ಬಡವನಹಳ್ಳಿಯ ಸಂತೆಗೆ ತಲೆಯ ಮೇಲೆ ಮೂಟೆ ಹೊತ್ತು ನಡೆದವರ ಮಕ್ಕಳು ನಾವು. ಇಲ್ಲಿ ಅಂಗಡಿಗೆ ಹೋಗಲು ಇಷ್ಟು ಜನಕ್ಕೆ ಸಮಜಾಯಿಷಿ ಕೊಡಬೇಕಾಯಿತು.

ಕೊನೆಗೆ ಸಿಕ್ಕಿದ ಅಂಗಡಿಯೊಳಗೆ ಟ್ರ್ಯಾಕ್ಟರ್ ಸಾಮಾನು ತುಂಬಿತ್ತು. ಗಲ್ಲಾದ ಹಿಂದೆ ಮಾರ್ಥಮ್ಮನ ಮುಖವನ್ನೇ ಹೊತ್ತ ಗಂಡಸು ಕೂತಿದ್ದ. ಬಾಗಿಲಿನ ಗಾಜಿಗೆ ಯಾರೋ ಮೊಟ್ಟೆ ಹೊಡೆದು, ಅದನ್ನು ಯಾರೋ ಒರೆಸಿ, ಕಲೆ ಪೂರ್ತಿ ಹೋಗದೆ ಉಳಿದಿತ್ತು. ಗಿರಾಕಿಗಳು ಯಾರೂ ಇರಲಿಲ್ಲ.

ಸ್ಕ್ರೂ ಹುಡುಕಿ ತಾನೇ ಹಾಕಿಕೊಟ್ಟ, ತನ್ನ ಗಾಡಿಯಲ್ಲಿ ವಾಪಸು ಬಿಡಲು ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮನೆಯ ಬಾಗಿಲಿಗೆ ಬರಲಿಲ್ಲ, ಬೀದಿಯ ತಿರುವಿನಲ್ಲೇ ನಿಲ್ಲಿಸಿದ.

"ಅವ್ಳ ಮಂಡಿ ಹೆಂಗದೆ?" ಎಂದ.

"ನೋವದೆ. ಸೋಮವಾರ ಒಬ್ಳೇ ಹೋಗ್ತಾಳಂತೆ. ನೀವ್ ಬರಲ್ವಾ?"

"ಕರುದ್ರೆ ಬತ್ತೀನಿ."

"ನೀವಾಗೇ ಬಂದ್ರೆ ಏನ್ರೀ?"

"ಕರೀದೆ ಹೆಂಗಮ್ಮಾ ಬರ್ಲಿ?" ಎಂದು ಸ್ಟಿಯರಿಂಗನ್ನೇ ನೋಡುತ್ತ ಕೂತ.

ಅದೇ ಮಾತನ್ನು ನಮ್ಮ ಬೀದಿಯಲ್ಲಿ ಎಷ್ಟು ಮನೆಗಳಲ್ಲಿ ಕೇಳಿದ್ದೇನೆ. ಸೂಟ್‌ಕೇಸು ಇಳಿಸಿಕೊಂಡು ಮನೆಗೆ ನಡೆದೆವು.

ಶನಿವಾರ, ಮೈದಾನದ ಹೊರಗೆ

ಶನಿವಾರ ಇಡೀ ಊರು ಸ್ಟೇಡಿಯಮ್ಮಿನ ಸುತ್ತ ಬಿಡಾರ ಹೂಡಿತು. ಪಂದ್ಯ ಮಧ್ಯಾಹ್ನ, ಜನ ಬೆಳಿಗ್ಗೆಯೇ ಬಂದು ಗುಡಾರ ಹಾಕಿ, ಒಲೆ ಹಚ್ಚಿ, ದೊಡ್ಡ ದೊಡ್ಡ ಟಿವಿ ಇಟ್ಟುಕೊಂಡಿದ್ದರು. ಅರ್ಧ ಜನ ಒಳಗೆ ಹೋಗುವುದೇ ಇಲ್ಲ. ಗೋಡೆಯ ಆಚೆ ನಡೆಯುವ ಪಂದ್ಯವನ್ನು ಗೋಡೆಯ ಈಚೆ ಟಿವಿಯಲ್ಲಿ ನೋಡುತ್ತಾರೆ. ಒಳಗಿನ ಕೂಗು ಮೊದಲು ಕೇಳಿಸುತ್ತದೆ, ಟಿವಿಯಲ್ಲಿ ಆಟ ಆಮೇಲೆ ಬರುತ್ತದೆ.

ಒಂದು ಹಂಡೆಯಲ್ಲಿ ಉಪ್ಪು ಹಾಕಿ ಕಡಲೆಕಾಯಿ ಬೇಯಿಸುತ್ತಿದ್ದರು. ಓಬುಳಮ್ಮ ಕುಣಿದಾಡಿದಳು. "ಅಕ್ಕಾ, ಸೆನಕ್ಕಾಯಲು! ನಮ್ಮೂರುದೇ ಅಕ್ಕಾ!" ಸೆರಗಿನ ತುಂಬ ಹಾಕಿಸಿಕೊಂಡು ಒಂದು ಮೂಲೆಯಲ್ಲಿ ಕೂತುಬಿಟ್ಟಳು. ನನ್ನ ಕಾಲು ಊದಿತ್ತು, ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ನಾನೂ ಕೂರಬೇಕೆನ್ನುವಷ್ಟರಲ್ಲಿ ಗಡ್ಡದ ಮನುಷ್ಯ ನನ್ನನ್ನು ಟಿವಿಯ ಮುಂದೆ ಎಳೆದುಕೊಂಡು ಹೋದ. ದೊಡ್ಡ ಪರದೆಯ ಮೇಲೆ ಅದೇ ಹುಡುಗ, ಅದೇ ಒಂಟಿಗಾಲು.

"ಈ ಯಮ್ಮ ರೆಫರಿ ಕಣ್ರಪ್ಪಾ. ಇಂಡಿಯಾದೋಳು. ಇವ್ಳಿಗೆ ಆ ಕಡೆ ಈ ಕಡೆ ಯಾವ್ದೂ ಇಲ್ಲ. ಕೇಳ್ಬುಡಾನ," ಎಂದು ಕೂಗಿದ. ಜನ ಸೇರಿದರು. ಮಾರ್ಥಮ್ಮ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತಳು.

ಒಂದು ವಾರ ತಪ್ಪಿಸಿಕೊಂಡದ್ದು ಸಾಕಾಗಿತ್ತು. ರಾಯ್‌ನ ಮುಖ ನೆನಪಾಯಿತು, ಆ ಬಾಗಿಲಿನ ಗಾಜೂ. ಆದರೂ ಕಣ್ಣಿಗೆ ಕಂಡದ್ದನ್ನು ಹೇಳದೆ ಇನ್ನೆಷ್ಟು ದಿನ ಅಡ್ಡಾಡಲಿ? ಅವನಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದ್ದಾಯಿತು.

"ಹುಡುಗ ಒಳಗೇ ಇದಾನೆ. ಔಟಲ್ಲ," ಎಂದೆ.

ಹೋ ಎಂದು ಕೂಗು ಎದ್ದಿತು. ಯಾರೋ ತಂಡದ ಟೋಪಿ ತಂದು ನನ್ನ ತಲೆಗಿಟ್ಟರು. ಮಾರ್ಥಮ್ಮ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಗಡ್ಡದ ಮನುಷ್ಯ ಎಲ್ಲರಿಗೂ ಕೇಳಿಸುವಂತೆ, "ಅಂಗಾದ್ರೆ ಹಿಮ್ಮಡಿ ಗೆರೆಗೆ ತಾಗಿಲ್ಲ ಅಂತಾಯ್ತು," ಎಂದ.

ನನಗೆ ನಗು ಬಂತು. "ತಾಗ್ದೆ ಏನು? ಪೂರ್ತಿ ಹಿಮ್ಮಡಿ ಗೆರೆ ಮೇಲೇ ಅದೆ. ಇಲ್ಲಿ ನೋಡಿ, ಕಾಲಿನ್ ಕೆಳ್ಗಡೆ ಸಣ್ಣ ನೆರಳದೆ. ಮುಂದಿನ್ ಚಿತ್ರದಲ್ಲಿ ನೆರಳೇ ಇಲ್ಲ. ಹಿಮ್ಮಡಿ ಗೆರೆ ಮೇಲೆ ಕುಂತ್ಕೊಂಡ್ತು. ಅದಕ್ಕೇ ಒಳಗೆ ಅಂದಿದ್ದು."

ಕೂಗು ನಿಂತಿತು. ಎಲ್ಲರೂ ಪರದೆಯನ್ನು ನೋಡಿದರು. ಗಡ್ಡದ ಮನುಷ್ಯ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದ. ನೆರಳು ಇತ್ತು, ಆಮೇಲೆ ಇರಲಿಲ್ಲ. ಒಬ್ಬ ನಿಧಾನವಾಗಿ ತಲೆಯ ಮೇಲೆ ಕೈ ಇಟ್ಟುಕೊಂಡ.

"ಏನಾಯ್ತು?" ಎಂದೆ.

"ನಮ್ಮಲ್ಲಿ ಗೆರೆ ಮುಟ್ಟುದ್ರೆ ಔಟು ಕಣಮ್ಮಾ," ಎಂದ ಗಡ್ಡದ ಮನುಷ್ಯ. "ಗೆರೆ ಆಚೇದು. ಮುಟ್ತೋ ಇಲ್ವೋ ಅನ್ನೋದಕ್ಕೇ ಇಷ್ಟು ದಿನ ಹೊಡ್ದಾಡಿದ್ದು."

ಬುಧವಾರ ಆ ಹುಡುಗಿಯರು ನಕ್ಕದ್ದು ಯಾಕೆಂದು ಆಗ ಗೊತ್ತಾಯಿತು. ನಾನು ಅಷ್ಟು ದಿನವೂ ಮಧುಗಿರಿಯ ಗೆರೆ ಇಟ್ಟುಕೊಂಡು ಅಮೆರಿಕದ ಮೈದಾನ ನೋಡುತ್ತಿದ್ದೆ. ರಾಯ್‌ನ ವಿರುದ್ಧ ಸಾಕ್ಷಿ ಹೇಳುತ್ತಿದ್ದೇನೆ ಅಂದುಕೊಂಡು, ಆ ಊರಿನಲ್ಲಿ ಅವನ ಪರವಾಗಿ ಯಾರೂ ಹೇಳದ ಮಾತನ್ನು ಎಲ್ಲರೆದುರು ಹೇಳಿದ್ದೆ.

ಮಾರ್ಥಮ್ಮನ ಕೈ ನನ್ನ ಹೆಗಲಿನಿಂದ ಜಾರಿತು. ಅವಳು ಹೋಗಿ ಮಡಚುವ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತಳು. ಟೋಪಿಯನ್ನು ನಾನೇ ತೆಗೆದು ಮೇಜಿನ ಮೇಲಿಟ್ಟೆ. ಆ ಮಧ್ಯಾಹ್ನ ಅವರ ಕಾಲೇಜು ಒಂದು ಬಡಪಾಯಿ ತಂಡಕ್ಕೆ ಸೋತಿತು. ಐದೂ ಇಲ್ಲ, ನಾಲ್ಕೂ ಇಲ್ಲ. ಇನ್ನು ಪಟ್ಟಿಯಲ್ಲಿ ಎಲ್ಲಿ ಬೀಳುತ್ತದೋ ಎಂದು ಜನ ಗುಡಾರ ಬಿಚ್ಚುತ್ತ ಗೊಣಗಿದರು. ರಾಯ್ ಔಟು ಕೊಟ್ಟಿದ್ದರೂ ಒಂದೇ, ಕೊಡದಿದ್ದರೂ ಒಂದೇ ಆಗಿಹೋಯಿತು.

ಕಾರು ಮನೆ ತಲುಪಿತು. ಮಾರ್ಥಮ್ಮ ಸೀದಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಓಬುಳಮ್ಮ ಮುದ್ದೆ ತಿರುವಿ, ಬೇಯಿಸಿದ ಕಡಲೆಕಾಯಿಯನ್ನೇ ಅರೆದು ಏನೋ ಒಂದು ಗೊಜ್ಜು ಮಾಡಿದಳು. ನನಗೆ ಇಳಿಯಲಿಲ್ಲ. ನಿಜವಾಗಿ ದುಃಖವಾಗಿತ್ತು. ಅನ್ನ ಕೊಟ್ಟ ಮನೆಯಾಕೆಯನ್ನು ಊರಿನ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದ್ದೆ, ಅವಳು ಆಸ್ಪತ್ರೆಗೆ ಹೋಗಲು ಒಂದು ದಿನ ಇರುವಾಗ.

"ಪೋನೀಲೇ, ಹೋಗ್ಲಿ ಬಿಡು ಅಕ್ಕಾ," ಎಂದಳು ಓಬುಳಮ್ಮ. "ನಿಜಾನೇ ತಾನೆ ಹೇಳಿದ್ದು?"

"ಯಾವ ನಿಜ ಹೇಳ್ತಿದೀನಿ ಅಂತ್ಲೇ ಗೊತ್ತಿರ್ಲಿಲ್ಲ ಕಣೇ ನಂಗೆ," ಎಂದೆ.

ಭಾನುವಾರ, ಮೆಟ್ಟಿಲ ಮೇಲೆ

ಸಣ್ಣ ಊರು, ಮಾತು ಹರಡಲು ಎಷ್ಟು ಹೊತ್ತು? ಭಾನುವಾರ ಮಧ್ಯಾಹ್ನ ರಾಯ್ ಬಂದ. ಒಳಗೆ ಬರಲಿಲ್ಲ. ಮುಂದಿನ ಮೆಟ್ಟಿಲ ಮೇಲೆ ನಿಂತು ನನ್ನನ್ನು ಕರೆದ. ಅವನ ದನಿ ಕೇಳಿದ್ದೇ ಮಾರ್ಥಮ್ಮ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು.

"ನಿಜ್ವಾಗ್ಲೂ ಕಾಣ್ತಾ ನಿಮ್ಗೆ?" ಎಂದ.

"ಕಾಣ್ತು. ನೆರಳು ನೋಡ್ರಿ, ಗೊತ್ತಾಗ್ತದೆ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಂಗೆ ಕಾಣ್ಲಿಲ್ಲ ಕಣಮ್ಮಾ," ಎಂದ. "ಒಬ್ಬ ದಪ್ಪ ಹುಡ್ಗ ಅಡ್ಡ ಬಂದ. ನಂಗೆ ಕಂಡಿದ್ದು ಅವ್ನ ಬೆನ್ನು. ತಿರುಗ್ ನೋಡುದ್ರೆ ಎಲ್ರೂ ನನ್ ಕಡೇನೇ ನೋಡ್ತಾವ್ರೆ. ಕೈ ಆಡಿಸ್ಬುಟ್ಟೆ. ಆಮೇಲೆ ನಾನೂ ಆ ವಿಡಿಯೊ ನೋಡ್ದೆ. ಒಂದ್ ಸಲ ಮುಟ್ಟಿದಂಗೆ, ಇನ್ನೊಂದ್ ಸಲ ಮುಟ್ಟದಂಗೆ. ಬೈದಿದ್ದಕ್ಕಲ್ಲ ನಂಗೆ ನಿದ್ದೆ ಬರ್ದೆ ಇರೋದು."

ನಾನು ಅವನ ಪಕ್ಕದಲ್ಲೇ ಕೂತೆ. ಈ ಮಾತನ್ನು ಹೇಳಲು ಅವನಿಗೆ ಆ ಊರಿನಲ್ಲಿ ಒಂದು ಕಿವಿ ಸಿಕ್ಕಿರಲಿಲ್ಲ. ಕಾಣಲಿಲ್ಲ ಎಂದು ರೆಫರಿ ಯಾರ ಹತ್ತಿರ ಹೇಳುತ್ತಾನೆ?

"ನಿಮ್ಮೂರಲ್ಲಿ ಕಾಣ್ದೆ ಹೋದ್ರೆ ಏನ್ ಮಾಡ್ತೀರಾ?" ಎಂದು ಕೇಳಿದ.

"ಸೀಟಿ ಇನ್ನೂ ಜೋರಾಗಿ ಊದ್ತೀವಿ," ಎಂದೆ.

ಅವನು ಮೊದಲು ನನ್ನ ಮುಖ ನೋಡಿದ. ಆಮೇಲೆ ನಗಲು ಶುರು ಮಾಡಿದ. ಭುಜ ಕುಲುಕಿ, ಕೆಮ್ಮು ಬಂದು, ಕಣ್ಣು ಒರೆಸಿಕೊಂಡು ನಕ್ಕ. ನನಗೂ ತಡೆಯಲಾಗಲಿಲ್ಲ. ಎಷ್ಟೋ ವರ್ಷದ ಬೈಗುಳವೆಲ್ಲ ಹೊಟ್ಟೆಯಿಂದ ಮೇಲಕ್ಕೆ ಬಂದು ನಗುವಾಗಿ ಹೋದ ಹಾಗಾಯಿತು. ಇಬ್ಬರೂ ಸುಸ್ತಾಗಿ ಸುಮ್ಮನಾದಾಗ, ಅಡುಗೆಮನೆಯ ಸದ್ದು ನಿಂತಿರುವುದು ಗೊತ್ತಾಯಿತು. ಎಷ್ಟು ಹೊತ್ತಿನಿಂದ ನಿಂತಿತ್ತೋ ತಿಳಿಯದು.

"ರಾಯ್," ಎಂದು ಒಳಗಿನಿಂದ ಮಾರ್ಥಮ್ಮ ಕೂಗಿದಳು. ಮುಖ ತೋರಿಸಲಿಲ್ಲ. "ಬೆಳಿಗ್ಗೆ ಬೇಗ್ನೆ ಬಾ. ಸೀಟ್ ಮೇಲಿರೋ ಕಬ್ಣದ್ ಸಾಮಾನೆಲ್ಲ ತೆಗ್ದಾಕ್ಬುಡು, ನಾನು ಕಾಲು ನೀಡ್ಕೊಬೇಕು."

"ಆಯ್ತಕ್ಕಾ," ಎಂದ ರಾಯ್. ಟೋಪಿ ಹಾಕಿಕೊಂಡು ಎದ್ದು ಹೋದ.

ಸೋಮವಾರ

ಬೆಳಗಾಗುವ ಹೊತ್ತಿಗೆ ರಾಯ್‌ನ ಗಾಡಿ ಬಾಗಿಲಿಗೇ ಬಂದಿತ್ತು. ನಮ್ಮ ವ್ಯಾನು ಬರಲು ಇನ್ನೂ ಹೊತ್ತಿತ್ತು. ರಾಯ್ ಚೀಲ ಇಡಲು ಹೋದ. ಮಾರ್ಥಮ್ಮನನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಓಬುಳಮ್ಮ ಹಿಡಿದು ಮೆಟ್ಟಿಲು ಇಳಿಸಿದೆವು. ಅವಳ ಕೈ ತಣ್ಣಗಿತ್ತು. ಹೆದರಿದ್ದಳು.

ಗಾಡಿ ತಲುಪುವ ಮೊದಲೇ ನಿಂತಳು. ಶನಿವಾರದಿಂದ ನನ್ನೊಡನೆ ಅವಳು ಸರಿಯಾಗಿ ಮಾತಾಡಿರಲಿಲ್ಲ. "ನನ್ ಮೇಲೆ ಸಿಟ್ಟಾ?" ಎಂದು ನಾನೇ ಕೇಳಿದೆ. "ನಂಗೆ ನಿಮ್ಮ ಗೆರೆ ವಿಷ್ಯ ಗೊತ್ತಿರ್ಲಿಲ್ಲ. ನಿಮ್ ಪರವಾಗಿ ಹೇಳಾಕೆ ಹೋಗಿ ಅಂಗಾಯ್ತು."

ಅವಳು ತಮ್ಮನ ಕಡೆ ನೋಡಿದಳು. ಅವನು ಆಚೆ ಕಡೆ ಬಾಗಿಲಿನಲ್ಲಿ ಬಗ್ಗಿ ಸೀಟು ಒರೆಸುತ್ತಿದ್ದ.

"ನಂಗೂ ಕಂಡಿತ್ತು ಕಣಮ್ಮ," ಎಂದಳು ಮೆಲ್ಲಗೆ. "ಅವತ್ತೇ. ಮೊದಲ್ನೇ ಸಲ ಟಿವೀಲಿ ತೋರಿಸಿದಾಗ್ಲೇ. ಹಿಮ್ಮಡಿ ಗೆರೆ ಮೇಲಿತ್ತು."

ಮತ್ತೆ ಅವನನ್ನು ಬೈದದ್ದು ಯಾಕೆ ಎಂದೆ.

"ನಾಲ್ಕಕ್ಕೆ ಏರ್ಲಿಲ್ವಲ್ಲ ಅನ್ನೋ ಸಿಟ್ಟು. ಆಮೇಲೆ ಎಲ್ರ ಮುಂದೆ ಬೈದಾಗಿತ್ತು, ಹೆಂಗೆ ವಾಪಸ್ ತಗಳ್ಲಿ? ಅವ್ನಿಗೆ ಗೊತ್ತಿರ್ತದೆ ಬುಡು, ಅವ್ನು ಸರಿಯಾಗೇ ಕೊಟ್ಟವ್ನೆ, ಎರಡ್ ದಿನ ಮೊಕ ಊದಿಸ್ಕೊಂಡು ತಾನಾಗೇ ಬತ್ತಾನೆ ಅಂದ್ಕೊಂಡೆ. ಅವ್ನಿಗೆ ಕಂಡಿಲ್ಲ ಅಂತ ನಿನ್ನೆ ತನಕ ನಂಗೆ ಗೊತ್ತಿರ್ಲಿಲ್ಲ. ನಾನೊಂದ್ ಫೋನ್ ಮಾಡಿದ್ರೆ ನಿದ್ದೆ ಮಾಡಿರೋನು." "ದಾರೀಲಿ ಹೇಳ್ತೀನಿ. ಅಲ್ಲಿಗ್ ಹೋಗಾಕ್ ಮುಂಚೆ ಹೇಳ್ಬೇಕು."

ರಾಯ್ ಬಂದು ಅವಳನ್ನು ಎತ್ತಿಕೊಳ್ಳುವ ಹಾಗೆ ಹಿಡಿದು ಸೀಟಿನ ಮೇಲೆ ಕೂರಿಸಿದ. ಅವಳು ಕಿಟಕಿಯಿಂದ ನನ್ನ ಕೆನ್ನೆ ಮುಟ್ಟಿ, ಹೋಗಿ ಬನ್ನಿ ಎನ್ನುವುದನ್ನು ಏನೋ ಅವರ ಮಾತಿನಲ್ಲಿ ಹೇಳಿದಳು. ಗಾಡಿ ಹೊರಟಿತು.

ಬೀದಿಯ ಕೊನೆಯಲ್ಲಿ ನಾಲ್ಕು ರಸ್ತೆ ಸೇರುತ್ತವೆ. ಅಲ್ಲಿ ಒಂದು ಕೆಂಪು ಫಲಕವಿದೆ. ಯಾರು ಬರಲಿ ಬಿಡಲಿ, ಗಾಡಿ ಒಂದು ಕ್ಷಣ ನಿಂತು ಮುಂದೆ ಹೋಗಬೇಕು. ರಾಯ್‌ನ ಗಾಡಿಯೂ ನಿಂತಿತು. ಮೂರು ಕಡೆಯಿಂದಲೂ ಯಾರೂ ಬರುತ್ತಿರಲಿಲ್ಲ, ರಸ್ತೆ ಖಾಲಿ ಇತ್ತು. ಗಾಡಿ ಮುಂದೆ ಹೋಗಲಿಲ್ಲ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಓಬುಳಮ್ಮ ಕತ್ತು ಉದ್ದ ಮಾಡಿ ನೋಡಿದಳು. "ಏಮಕ್ಕಾ, ಗಾಡಿ ಕೆಟ್ಟೋಯ್ತಾ?"

"ಇಲ್ಲ ಕಣೇ," ಎಂದೆ. "ಇರ್ಲಿ, ನಿಂತ್ಕೊಳ್ಲಿ."